ವಿಹಾರದೋಣಿಯ ಎಂಜಿನ್: ಕೂಲೆಂಟ್ ಬದಲಾವಣೆಯ ಕ್ರಮ

ವಿಹಾರದೋಣಿಗಳ ಅನೇಕ ಡೀಸೆಲ್ ಎಂಜಿನ್ನುಗಳೊಳಗೆ ಕೂಲೆಂಟ್ ಎಂಬ ಶೀತಕ ದ್ರವವು ಸುತ್ತುತ್ತಿರುತ್ತದೆ. ಅದರ ಶಾಖವನ್ನು ಶಾಖ ವಿನಿಮಯಕದ ಮೂಲಕ ಹರಿಯುವ ಸಮುದ್ರದ ನೀರು ಹೊರಕ್ಕೆ ಒಯ್ಯುತ್ತದೆ. ಈ ದ್ರವದಲ್ಲಿನ ತುಕ್ಕುನಿರೋಧಕ ಅಂಶಗಳು ಕಾಲಕ್ರಮೇಣ ಕ್ಷೀಣಿಸುತ್ತವೆ. ಆದುದರಿಂದ ನೋಡಲು ಸ್ವಚ್ಛವಾಗಿದ್ದರೂ ತಯಾರಕರು ಸೂಚಿಸಿದ ಅವಧಿಗೆ ಅದನ್ನು ಬದಲಾಯಿಸುವುದು ಅವಶ್ಯಕ.

ಎಂಜಿನ್ ಸಂಪೂರ್ಣವಾಗಿ ತಣಿದ ಮೇಲೆಯೇ ಮುಚ್ಚಳವನ್ನು ತೆರೆಯತಕ್ಕದ್ದು; ಇಲ್ಲವಾದಲ್ಲಿ ಒತ್ತಡದಲ್ಲಿರುವ ದ್ರವವು ಚಿಮ್ಮಿ ತೀವ್ರ ಸುಟ್ಟಗಾಯಗಳಾಗಬಹುದು. ಹಳೆಯ ದ್ರವವನ್ನು ಪಾತ್ರೆಗೆ ಇಳಿಸಿ, ಹೊರಬರುವ ನೀರು ತಿಳಿಯಾಗುವವರೆಗೆ ಒಳಭಾಗವನ್ನು ಸಿಹಿನೀರಿನಿಂದ ತೊಳೆಯಬೇಕು. ಅನಂತರ ತಯಾರಕರು ಹೇಳಿದ ಬಗೆಯ ಕೂಲೆಂಟನ್ನು, ಸಾಮಾನ್ಯವಾಗಿ ಸಮಪ್ರಮಾಣದ ಬಟ್ಟಿಯಿಳಿಸಿದ ನೀರಿನೊಡನೆ ಬೆರೆಸಿ ತುಂಬಬೇಕು. ಬೇರೆ ಬೇರೆ ಬಗೆಯ ಕೂಲೆಂಟುಗಳನ್ನು ಒಟ್ಟುಗೂಡಿಸಬಾರದು. ಎಂಜಿನ್ನನ್ನು ಕೆಲಹೊತ್ತು ನಡೆಸಿ, ಒಳಗಿನ ಗಾಳಿ ಹೊರಹೋಗಲು ಬಿಟ್ಟು, ತಣಿದ ಮೇಲೆ ದ್ರವದ ಮಟ್ಟವನ್ನು ಮತ್ತೊಮ್ಮೆ ಪರೀಕ್ಷಿಸಬೇಕು.

ಎಥಿಲೀನ್ ಗ್ಲೈಕಾಲ್ ಉಳ್ಳ ಕೂಲೆಂಟ್ ರುಚಿಗೆ ಸಿಹಿ, ಪರಿಣಾಮದಲ್ಲಿ ವಿಷ. ದೋಣಿಯ ತಳಕ್ಕೆ ಚೆಲ್ಲಿದರೆ ಅಲ್ಲಿನ ಪಂಪು ಅದನ್ನು ಕಡಲಿಗೇ ಹೊರಹಾಕುತ್ತದೆ. ಹಳೆಯ ದ್ರವವನ್ನು ನೀರಿಗಾಗಲಿ ಚರಂಡಿಗಾಗಲಿ ಸುರಿಯದೆ, ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಎಟುಕದಂತೆ ಭದ್ರವಾಗಿ ಮುಚ್ಚಿಟ್ಟು, ಅಪಾಯಕಾರಿ ತ್ಯಾಜ್ಯವನ್ನು ಸ್ವೀಕರಿಸುವ ಅಧಿಕೃತ ಕೇಂದ್ರಕ್ಕೆ ಒಪ್ಪಿಸುವುದು ದೋಣಿಯ ಮಾಲೀಕರ ಕರ್ತವ್ಯ.