ಪಂಡಿತರಿಗೂ ರ‍್ಯಾಂಕ್! ಎಣಿಸುವುದು ಏನನ್ನು?

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮರುದಿನ ರ‍್ಯಾಂಕ್ ಹುಡುಗರ ಫೋಟೋ ಪೇಪರಿನಲ್ಲಿ ಬರುತ್ತಿದ್ದ ಕಾಲ ಊರಿನ ಹಿರಿಯರಿಗೆ ನೆನಪಿರಬೇಕು. ತಲೆ ನರೆತ ವಿಜ್ಞಾನಿಗಳಿಗೂ ಅಂಥದೇ ಪಟ್ಟಿ ಇದೆಯೆಂದರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತವರು ನಕ್ಕಾರು. ಆದರೆ ಮಾತು ನಿಜ. 2007ರಲ್ಲಿ ಇಂಗ್ಲೆಂಡಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿಯ ಪತ್ರಿಕೆ, ಆಗ ಬದುಕಿದ್ದ ರಸಾಯನ ವಿಜ್ಞಾನಿಗಳಿಗೆ ನಂಬರ್ ಹಾಕಿದ ಪಟ್ಟಿಯನ್ನೇ ಅಚ್ಚು ಹಾಕಿತು. ಮೊದಲನೆಯವರು ಅಮೆರಿಕದ ಹಾರ್ವರ್ಡಿನ ಜಾರ್ಜ್ ವೈಟ್‌ಸೈಡ್ಸ್. ಅಂಕ 135. ಎರಡನೆಯವರು ಇ. ಜೆ. ಕೋರಿ. ತಮಾಷೆಯೆಂದರೆ ಎರಡನೆಯವರಿಗೆ 1990ರಲ್ಲೇ ನೊಬೆಲ್ ಬಂದಿತ್ತು. ಫಸ್ಟ್ ರ‍್ಯಾಂಕಿನವರಿಗೆ 2025ರ ಬಹುಮಾನ ಹಂಚುವವರೆಗೂ ಬಂದಿರಲಿಲ್ಲ!

ಈ 135 ಎಲ್ಲಿಂದ ಬಂತು? ಯಾರೂ ಪರೀಕ್ಷೆ ಬರೆಸಲಿಲ್ಲ. ಒಬ್ಬರು ಬರೆದ ಸಂಶೋಧನಾ ಲೇಖನವನ್ನು ಬೇರೆಯವರು ತಮ್ಮ ಲೇಖನಗಳಲ್ಲಿ ಎಷ್ಟು ಸಲ ಹೆಸರಿಸಿದರು ಎಂಬ ಎಣಿಕೆ ಇದು. ಸೈಟೇಶನ್ ಅನ್ನುತ್ತಾರೆ. ಕ್ಯಾಲಿಫೋರ್ನಿಯಾದ ಹಿರ್ಶ್ ಎಂಬ ಭೌತವಿಜ್ಞಾನಿ 2005ರಲ್ಲಿ ಇದಕ್ಕೊಂದು ಸುಲಭ ಲೆಕ್ಕ ಹಾಕಿಕೊಟ್ಟರು. ಅದರ ಹೆಸರು ಎಚ್ ಇಂಡೆಕ್ಸ್.

ಅಂಗಡಿ ಭಾಷೆಯಲ್ಲಿ ಹೇಳುವುದಾದರೆ ಹೀಗೆ. ಹತ್ತು ಗಿರಾಕಿಗಳು ತಲಾ ಹತ್ತು ಸಲವಾದರೂ ಬಂದು ಹೋಗಿದ್ದರೆ ಆ ಅಂಗಡಿಯ ಎಚ್ ಹತ್ತು. ಹನ್ನೊಂದಕ್ಕೆ ಏರಬೇಕೇ? ಹನ್ನೊಂದು ಗಿರಾಕಿಗಳು ತಲಾ ಹನ್ನೊಂದು ಸಲ ಬರಬೇಕು. ಇರುವ ಒಬ್ಬನೇ ಗಿರಾಕಿ ಸಾವಿರ ಸಲ ಬಂದರೂ ಎಚ್ ಒಂದೇ! ವೈಟ್‌ಸೈಡ್ಸ್ ಅವರ 135 ಲೇಖನಗಳನ್ನು ತಲಾ 135 ಸಲವಾದರೂ ಜನ ಹೆಸರಿಸಿದ್ದರು ಎಂದಾಯಿತು. ಸಣ್ಣ ವ್ಯಾಪಾರವಲ್ಲ. ಬೆಂಗಳೂರಿನಲ್ಲೇ ಹುಟ್ಟಿದ ಸಿ. ಎನ್. ಆರ್. ರಾವ್ ಅವರ ಎಚ್ 2013ರಲ್ಲಿ ನೂರು ಮುಟ್ಟಿದಾಗ ಅದು ಸೆಂಚುರಿಯಂತೆ ಸುದ್ದಿಯಾಯಿತು. ಅದೇ ವರ್ಷ ಅವರಿಗೆ ಭಾರತ ರತ್ನವೂ ಘೋಷಣೆಯಾಯಿತು.

ಹಾಗಾದರೆ ಹೆಚ್ಚು ಹೆಸರಿಸಿಕೊಂಡವರೇ ದೊಡ್ಡವರೋ? ಇಲ್ಲೇ ತಕ್ಕಡಿ ಅಲ್ಲಾಡುವುದು. ಅಮೆರಿಕದ ಆಲಿವರ್ ಲೌರಿ ಮತ್ತು ಜೊತೆಗಾರರು 1951ರಲ್ಲಿ ಬರೆದ ಒಂದು ಲೇಖನವನ್ನು 2014ರ ಹೊತ್ತಿಗೆ ಮೂರು ಲಕ್ಷಕ್ಕೂ ಹೆಚ್ಚು ಸಲ ಹೆಸರಿಸಿದ್ದರು. ಅದರಲ್ಲಿದ್ದದ್ದು ದ್ರಾವಣದಲ್ಲಿ ಪ್ರೋಟೀನು ಎಷ್ಟಿದೆಯೆಂದು ಅಳೆಯುವ ವಿಧಾನ. ಅಳೆಯುವುದು ಎಲ್ಲರಿಗೂ ಬೇಕು. ಎಲ್ಲರೂ ಹೆಸರು ಹಾಕಿದರು.

ಇನ್ನೊಂದು ಕಡೆ ಜಪಾನಿನ ಕೊಯಿಚಿ ತನಕಾ. ಕ್ಯೋಟೋದ ಶಿಮಾಡ್ಜು ಎಂಬ ಯಂತ್ರ ತಯಾರಿಸುವ ಕಂಪನಿಯಲ್ಲಿ ಸಂಬಳಕ್ಕಿದ್ದ ಇಂಜಿನಿಯರು. ಡಾಕ್ಟರೇಟ್ ಇಲ್ಲ. ಕೆಮಿಸ್ಟ್ರಿ ಡಿಗ್ರಿಯೂ ಇಲ್ಲ, ಓದಿದ್ದು ಎಲೆಕ್ಟ್ರಿಕಲ್. 1985ರಲ್ಲಿ ಒಂದು ದಿನ ಕೈತಪ್ಪಿ ಲೋಹದ ಪುಡಿಗೆ ಗ್ಲಿಸರಿನ್ ಸುರಿದುಬಿಟ್ಟರು. ಚೆಲ್ಲಿದರೆ ದಂಡವಲ್ಲ ಎಂದು ಅದನ್ನೇ ಪ್ರಯೋಗಕ್ಕಿಟ್ಟರು. ದೊಡ್ಡ ಅಣುಗಳನ್ನು ಒಡೆಯದೆ ತೂಗುವ ದಾರಿ ಸಿಕ್ಕಿದ್ದು ಹಾಗೆ. 2002ರಲ್ಲಿ ರಸಾಯನ ಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಬಂತು. ಎಚ್ ನೋಡಿ ಆರಿಸಲು ಹೊರಟಿದ್ದರೆ ಇವರ ಹೆಸರು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಲೆಕ್ಕ ಬರೀ ಲೆಕ್ಕವಾಗಿ ಉಳಿದಿದ್ದರೆ ಚಿಂತೆಯಿರಲಿಲ್ಲ. ಅದರ ಹಿಂದೆ ಕಾಸು ಬಂತು. ಹೆಚ್ಚು ಉಲ್ಲೇಖವಾಗುವ ವಿಜ್ಞಾನಿಗಳ ಪಟ್ಟಿಯನ್ನು ಕ್ಲಾರಿವೇಟ್ ಎಂಬ ಕಂಪನಿ ಪ್ರತಿ ವರ್ಷ ಹೊರಡಿಸುತ್ತದೆ. ಆ ಪಟ್ಟಿಯಲ್ಲಿ ಯಾವ ವಿಶ್ವವಿದ್ಯಾಲಯದವರು ಎಷ್ಟು ಮಂದಿ ಎಂದು ನೋಡಿ ಶಾಂಘೈ ರ‍್ಯಾಂಕಿಂಗಿನವರು ಮಾರ್ಕ್ಸ್ ಕೊಡುತ್ತಾರೆ. ಪಟ್ಟಿಯಲ್ಲಿದ್ದವರಿಗೆ ಗಿರಾಕಿ ಹುಟ್ಟದೇ ಇರುತ್ತದೆಯೇ? ಸ್ಪೇನಿನ ಕೊರ್ಡೊಬಾ ವಿಶ್ವವಿದ್ಯಾಲಯದಲ್ಲಿ ಪೂರ್ತಿ ನೌಕರಿಯಲ್ಲಿದ್ದ ಒಬ್ಬ ರಸಾಯನ ವಿಜ್ಞಾನಿ ಲೇಖನಗಳಲ್ಲಿ ಸೌದಿ ವಿಶ್ವವಿದ್ಯಾಲಯದ ಹೆಸರನ್ನೂ ಹಾಕಿಕೊಳ್ಳುತ್ತಿದ್ದರು. ಹದಿಮೂರು ವರ್ಷ ಸಂಬಳವಿಲ್ಲದೆ ಅಮಾನತು ಮಾಡಿದ ಸುದ್ದಿ 2023ರಲ್ಲಿ ಹೊರಬಿತ್ತು. ಆ ವರ್ಷವೇ ಕ್ಲಾರಿವೇಟ್ ಕಂಪನಿ, ಲೆಕ್ಕ ಸಂಶಯವೆಂದು ಸಾವಿರಕ್ಕೂ ಹೆಚ್ಚು ಹೆಸರುಗಳನ್ನು ಪಟ್ಟಿಯಿಂದ ಕೈಬಿಟ್ಟಿತು.

ಹಾರ್ವರ್ಡಿನವರ ತಾಪತ್ರಯ ಅವರಿಗಿರಲಿ ಅನ್ನುವಂತಿಲ್ಲ. ಎಣಿಕೆಯ ಗಾಳಿ ಜಿಲ್ಲೆಯ ಕಾಲೇಜುಗಳಿಗೂ ಬೀಸಿದೆ. 2010ರಲ್ಲಿ ಯುಜಿಸಿ ಅಂಕ ಪದ್ಧತಿ ತಂದಾಗ ಬಡ್ತಿಗೆ ಲೇಖನಗಳ ಲೆಕ್ಕವೂ ಸೇರಿತು. ಲ್ಯಾಬಿನಲ್ಲಿ ಆಸಿಡ್ ಸ್ಟಾಕ್ ಇಲ್ಲದ ಊರಿನ ಕೆಮಿಸ್ಟ್ರಿ ಮೇಷ್ಟ್ರೂ ಲೇಖನ ತೋರಿಸಬೇಕಾಯಿತು. ದುಡ್ಡು ಕಟ್ಟಿದರೆ ಅಚ್ಚು ಹಾಕುವ ಜರ್ನಲ್ಲುಗಳು ನಾಯಿಕೊಡೆಯಂತೆ ಎದ್ದವು. 2018ರಲ್ಲಿ ಯುಜಿಸಿ ತಾನೇ ಒಪ್ಪಿದ್ದ ಪಟ್ಟಿಯಿಂದ 4,305 ಜರ್ನಲ್ಲುಗಳನ್ನು ಒಂದೇ ಏಟಿಗೆ ಕಿತ್ತುಹಾಕಿತು. ಅದರಲ್ಲಿ ಒಳ್ಳೆಯವೂ ಹೋದವೆಂದು ಗಲಾಟೆಯಾಯಿತು. ಸಾಲ ಮಾಡಿ ಫೀ ಕಟ್ಟಿದ್ದ ಮೇಷ್ಟ್ರಿಗೆ ಆ ದುಡ್ಡನ್ನು ವಾಪಸು ಕೊಡುವವರು ಯಾರು ಸ್ವಾಮಿ?