ಚುಕ್ಕಿಯ ಮಿನುಗು ಮತ್ತು ದೂರದರ್ಶಕದ ಕನ್ನಡಿ

ಚುಕ್ಕಿಗಳು ಮಿನುಗುತ್ತವೆ, ಬೆಳ್ಳಿಚುಕ್ಕಿ ಮಾತ್ರ ಬಹುಮಟ್ಟಿಗೆ ಅಲುಗದೆ ಬೆಳಗುತ್ತದೆ ಎಂಬ ಭೇದವು ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದಂಥ ಊರುಗಳಲ್ಲಿ ರಾತ್ರಿ ಹೊಲ ಕಾಯುವವರಿಗೆ ಕಣ್ಣಳತೆಯಲ್ಲಿಯೇ ತಿಳಿಯುವಂಥದು. ಬೆಳ್ಳಿಚುಕ್ಕಿ ನಕ್ಷತ್ರವಲ್ಲ, ಶುಕ್ರಗ್ರಹ. ನಕ್ಷತ್ರವು ಅತಿದೂರದ ಬಿಂದುವಾದ ಕಾರಣ ಅದರ ಬೆಳಕು ವಾಯುಮಂಡಲದ ಬಿಸಿ-ತಂಪು ಪದರಗಳಲ್ಲಿ ಬಾಗಿ ಅಲುಗುತ್ತದೆ. ಗ್ರಹಕ್ಕೆ ಬಿಲ್ಲೆಯಷ್ಟು ವಿಸ್ತಾರವಿರುವುದರಿಂದ ಅದರ ನಾನಾ ಭಾಗಗಳ ಅಲುಗಾಟ ಪರಸ್ಪರ ಸರಿದೂಗುತ್ತದೆ. ನವಲಗುಂದದ ಎರೆಭೂಮಿಯ ಮೇಲೆ ಬೇಸಿಗೆಯಲ್ಲಿ ಕಾಣುವ ಬಿಸಿಲ್ಗುದುರೆಗೂ ಇದೇ ವಕ್ರೀಭವನವೇ ಮೂಲ. ಇಷ್ಟನ್ನೇ ಆಧರಿಸಿ ಜನಪದರಿಗೆ ದೃಗ್ವಿಜ್ಞಾನ ಮೊದಲೇ ತಿಳಿದಿತ್ತೆಂದು ಸಾಧಿಸಹೊರಡುವುದು ಜಾನಪದಕ್ಕೂ ವಿಜ್ಞಾನಕ್ಕೂ ಮಾಡುವ ಅಪಚಾರವೇ ಸರಿ. ಅವರು ಲಕ್ಷಣವನ್ನು ಗುರುತಿಸಿದ್ದರು, ಅದನ್ನು ಅಳೆಯುವ ಅಗತ್ಯ ಅವರಿಗೆ ಬಿದ್ದಿರಲಿಲ್ಲ.

ಆ ಅಗತ್ಯ ಬಿದ್ದದ್ದು ಖಗೋಳಜ್ಞರಿಗೆ. ಗಾಳಿಯ ಈ ನಡುಕಕ್ಕೆ ಎತ್ತರದ ಬೆಟ್ಟದ ನಿಶ್ಚಲ ಹವೆಯೊಂದೇ ಪರಿಹಾರವೆಂದು ನ್ಯೂಟನ್ 1704ರಲ್ಲಿ ಬರೆದನು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯು ತಮಿಳುನಾಡಿನ ಕಾವಲೂರಿನಲ್ಲಿ 1986ರಲ್ಲಿ ಕಾರ್ಯಾರಂಭ ಮಾಡಿಸಿದ ದೂರದರ್ಶಕದ ಕನ್ನಡಿಯ ವ್ಯಾಸ 2.34 ಮೀಟರ್. ತತ್ತ್ವತಃ ಅದು ಸುಮಾರು 0.06 ವಿಕಲೆಯಷ್ಟು ಸೂಕ್ಷ್ಮ ಅಂತರವನ್ನು ಬಿಡಿಸಿ ತೋರಬಲ್ಲದು (ವಿಕಲೆಯೆಂದರೆ ಒಂದು ಡಿಗ್ರಿಯ 3600ನೇ ಒಂದು ಭಾಗ). ಆದರೆ ಅಲುಗುವ ಗಾಳಿ ನಕ್ಷತ್ರಬಿಂಬವನ್ನು ಸಾಮಾನ್ಯವಾಗಿ ಒಂದು ವಿಕಲೆಗೂ ಮೀರಿ ಹರಡಿಬಿಡುತ್ತದೆ. ಬೆಳಕನ್ನು ಎಷ್ಟೇ ಸಂಗ್ರಹಿಸಿದರೂ ಬಿಂಬದ ಸ್ಫುಟತೆ ಹತ್ತು ಸೆಂಟಿಮೀಟರಿನ ಸಣ್ಣ ಉಪಕರಣದ್ದಕ್ಕಿಂತ ಹೆಚ್ಚೇನೂ ಆಗದು.

ಕೆಟ್ಟ ಬೆಳಕನ್ನು ಆ ಕ್ಷಣದಲ್ಲಿಯೇ ತಿದ್ದುವ ಯೋಚನೆಯನ್ನು ಹೊರೇಸ್ ಬಾಬ್‌ಕಾಕ್ 1953ರಲ್ಲಿ ಮಂಡಿಸಿದರು. ಖಗೋಳದಲ್ಲಿ ಅದು ಫಲಿಸಿದ್ದು 1989ರಲ್ಲಿ, ಫ್ರಾನ್ಸಿನಲ್ಲಿ. ಅಡಾಪ್ಟಿವ್ ಆಪ್ಟಿಕ್ಸ್ ಎಂಬ ಈ ವಿಧಾನದಲ್ಲಿ ಒಂದು ಸಂವೇದಕವು ಬಂದ ಬೆಳಕಿನ ತರಂಗಮುಖ ಎಲ್ಲೆಲ್ಲಿ ಸುಕ್ಕುಗಟ್ಟಿದೆಯೆಂದು ಅಳೆಯುತ್ತದೆ. ತೆಳುವಾದ ಕನ್ನಡಿಯೊಂದನ್ನು ಅದರ ಬೆನ್ನಿಗಿರುವ ಚಾಲಕಗಳು ತದ್ವಿರುದ್ಧ ಆಕಾರಕ್ಕೆ ಬಾಗಿಸುತ್ತವೆ. ಸೆಕೆಂಡಿಗೆ ನೂರಾರು ಬಾರಿ ಇದು ನಡೆಯಬೇಕು. ಅಳತೆಗೆ ಪ್ರಕಾಶಮಾನ ನಕ್ಷತ್ರ ಹತ್ತಿರದಲ್ಲಿಲ್ಲದಿದ್ದರೆ ಸುಮಾರು 90 ಕಿಲೋಮೀಟರ್ ಎತ್ತರದ ಸೋಡಿಯಂ ಪದರವನ್ನು ಲೇಸರಿನಿಂದ ಬೆಳಗಿಸಿ ಕೃತಕ ಚುಕ್ಕಿಯೊಂದನ್ನು ಮೂಡಿಸುತ್ತಾರೆ.

ಹೀಗೆ ತಿದ್ದಬಲ್ಲೆವಾದರೂ ಬೆಟ್ಟದ ಹಂಗು ತಪ್ಪಿಲ್ಲ. ಗಾಳಿ ಕಡಿಮೆ ಕೆಟ್ಟಿದ್ದಷ್ಟೂ ತಿದ್ದುವುದು ಸುಲಭ. ಭಾರತವೂ ಪಾಲುದಾರನಾಗಿರುವ ಮೂವತ್ತು ಮೀಟರ್ ದೂರದರ್ಶಕದ ಕನ್ನಡಿ ಖಂಡಗಳನ್ನು ನುಣುಪುಗೊಳಿಸುವ ಘಟಕ ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಸ್ಥಾಪನೆಯಾಗಿದೆ. ಅದಕ್ಕೆಂದು ಆಯ್ದ ಹವಾಯಿಯ ಮೌನಾ ಕೆಯಾ ಶಿಖರವು ಅಲ್ಲಿನ ಮೂಲನಿವಾಸಿಗಳಿಗೆ ಪವಿತ್ರ ಸ್ಥಳ. ಅವರ ಪ್ರತಿಭಟನೆಯಿಂದಾಗಿ 2015ರಲ್ಲಿಯೂ 2019ರಲ್ಲಿಯೂ ಕಾಮಗಾರಿ ನಿಂತಿತು. ಸ್ಥಳದ ಆಯ್ಕೆಯಲ್ಲಿ ಗಾಳಿಯನ್ನು ವರ್ಷಗಟ್ಟಲೆ ಅಳೆಯಲಾಗಿತ್ತು, ಬೆಟ್ಟದ ಕುರಿತ ಜನರ ನಂಬಿಕೆಗೆ ಅಷ್ಟು ಗಮನ ಸಂದಿರಲಿಲ್ಲ.