ಫ್ಲೋರೈಡ್: ಅರಿವು ಹಳೆಯದು, ಅನುಷ್ಠಾನ ಇನ್ನೂ ದೂರ

ದಾವಣಗೆರೆ: ಕುಡಿಯುವ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಾದರೆ ಹಲ್ಲು, ಮೂಳೆಗಳು ಹಾಳಾಗುತ್ತವೆ ಎಂಬುದು ವೈದ್ಯಲೋಕಕ್ಕೆ ಹೊಸ ಸಂಗತಿಯಲ್ಲ. ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಈ ಕಾಯಿಲೆ ಹರಡಿರುವುದನ್ನು ಸಂಶೋಧಕರು 1937ರಲ್ಲಿಯೇ ವರದಿ ಮಾಡಿದ್ದರು. ನೀರಿನಿಂದ ಫ್ಲೋರೈಡ್ ತೆಗೆಯುವ ವಿಧಾನವೂ ದಶಕಗಳಿಂದ ತಿಳಿದಿದೆ. ಆದರೂ ಕೊಳವೆ ಬಾವಿಯನ್ನೇ ನಂಬಿದ ಊರುಗಳಲ್ಲಿ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡುವುದು ನಿಂತಿಲ್ಲ. ಪ್ರಯೋಗಾಲಯದ ಅರಿವು ಮನೆಯ ಕೊಡಪಾನದವರೆಗೆ ಬಾರದೇ ಇರುವುದೇ ಇದಕ್ಕೆ ಕಾರಣ.

ಒಂದೇ ಜಿಲ್ಲೆ, ಎರಡು ಬಗೆಯ ನೀರು

ದಾವಣಗೆರೆ ಜಿಲ್ಲೆ ರಚನೆಯಾದದ್ದು 1997ರಲ್ಲಿ. ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗದಿಂದ, ಜಗಳೂರು ತಾಲ್ಲೂಕು ಚಿತ್ರದುರ್ಗದಿಂದ ಬಂದು ಈ ಜಿಲ್ಲೆಗೆ ಸೇರಿದವು. ನ್ಯಾಮತಿ ನಂತರದ ವರ್ಷಗಳಲ್ಲಿ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಚನ್ನಗಿರಿಗೆ ಭದ್ರಾ ನಾಲೆಯ ಜತೆಗೆ ಶಾಂತಿಸಾಗರವೆಂದೂ ಕರೆಯಲಾಗುವ ಸೂಳೆಕೆರೆಯ ಆಸರೆಯಿದೆ. ಹೊನ್ನಾಳಿ, ನ್ಯಾಮತಿ ಭಾಗಕ್ಕೆ ತುಂಗಭದ್ರೆ ಹತ್ತಿರ. ಜಗಳೂರಿನದು ಮಾತ್ರ ಮಳೆಯ ಕೊರತೆಯ ಬಯಲುಸೀಮೆ. ಇಲ್ಲಿ ಬಹುಕಾಲ ಕುಡಿಯುವ ನೀರೆಂದರೆ ಕೊಳವೆ ಬಾವಿಯ ನೀರೇ ಆಗಿತ್ತು.

ಫ್ಲೋರೈಡ್ ಸಮಸ್ಯೆಗೆ ಜಗಳೂರು ರಾಜ್ಯದಲ್ಲಿಯೇ ಹೆಸರಾಗಿರುವುದಕ್ಕೆ ಇದೇ ಮೂಲ. ಗಟ್ಟಿಶಿಲೆಯಲ್ಲಿರುವ ಕೆಲವು ಖನಿಜಗಳಿಂದ ಫ್ಲೋರೈಡ್ ನಿಧಾನವಾಗಿ ನೀರಿಗೆ ಬೆರೆಯುತ್ತದೆ. ಬಂಡೆಯ ಸಂದಿನಲ್ಲಿ ನೀರು ಎಷ್ಟು ಕಾಲ ನಿಲ್ಲುವುದೋ ಅಷ್ಟು ಹೆಚ್ಚು ಬೆರೆಯುತ್ತದೆ. ಮಳೆ ಕಡಿಮೆಯಾಗಿ ಹೊಸ ನೀರು ಇಂಗದಿದ್ದರೆ, ಜನ ಇನ್ನಷ್ಟು ಆಳಕ್ಕೆ ಕೊರೆದರೆ, ತೊಂದರೆ ಹೆಚ್ಚುವುದು ಸಾಮಾನ್ಯ. ನದಿ, ಕೆರೆಗಳ ನೀರಿನಲ್ಲಿ ಈ ಅಂಶ ಸಾಮಾನ್ಯವಾಗಿ ಕಡಿಮೆ. ಹಾಗೆಂದು ಉಳಿದ ಮೂರು ತಾಲ್ಲೂಕುಗಳು ನಿಶ್ಚಿಂತೆಯಿಂದ ಇರುವಂತಿಲ್ಲ. ನಾಲೆ ತಲುಪದ ಊರುಗಳಲ್ಲಿ ಕುಡಿಯಲು ಬಳಸುವ ಪ್ರತಿ ಕೊಳವೆ ಬಾವಿಯನ್ನೂ ಪರೀಕ್ಷಿಸಲೇಬೇಕು.

ಎಂಟು ವರ್ಷದೊಳಗಿನ ಮಕ್ಕಳಿಗೆ ಅಪಾಯ

ಭಾರತೀಯ ಮಾನಕದ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ಜಲಮೂಲವೇ ಇಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಅವಕಾಶವಿದೆ. ನೀರಿನ ಬಣ್ಣ, ವಾಸನೆಯಿಂದ ಇದನ್ನು ಪತ್ತೆ ಹಚ್ಚಲಾಗದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದರ ಪ್ರಮಾಣ ಹೆಚ್ಚುತ್ತದೆ.

ಶಾಶ್ವತ ಹಲ್ಲುಗಳು ವಸಡಿನೊಳಗೆ ರೂಪುಗೊಳ್ಳುವ ಸುಮಾರು ಎಂಟು ವರ್ಷದೊಳಗಿನ ವಯಸ್ಸಿನಲ್ಲಿ ಇಂತಹ ನೀರು ಕುಡಿದ ಮಕ್ಕಳ ಹಲ್ಲಿನಲ್ಲಿ ಮೊದಲು ಸುಣ್ಣದಂತಹ ಬಿಳಿ ಮಚ್ಚೆ, ನಂತರ ಹಳದಿ ಅಥವಾ ಕಂದು ಗೆರೆ ಕಾಣಿಸಿಕೊಳ್ಳುತ್ತದೆ. ಒಮ್ಮೆ ಮೂಡಿದ ಈ ಕಲೆ ಉಜ್ಜಿದರೆ ಹೋಗುವುದಿಲ್ಲ. ಮೂಳೆಗಳಿಗೆ ಹರಡಿದಾಗ ಕುತ್ತಿಗೆ, ಬೆನ್ನು, ಕೀಲುಗಳು ಬಿಗಿಯುತ್ತವೆ. ಇದನ್ನು ಹಿಂದಿನ ಸ್ಥಿತಿಗೆ ತರುವ ಔಷಧಿ ಇಲ್ಲ. ಆದ್ದರಿಂದ ಇಲ್ಲಿ ತಡೆಯುವುದೇ ಚಿಕಿತ್ಸೆ. ಯೋಜನೆ ಐದು ವರ್ಷ ತಡವಾದರೆ ಒಂದು ತಲೆಮಾರಿನ ಮಕ್ಕಳ ಪಾಲಿಗೆ ಆ ಅವಕಾಶ ಕೈತಪ್ಪಿದಂತೆಯೇ.

ಆಶಾ ಕಾರ್ಯಕರ್ತೆಯೂ ಮಾಡಬಹುದಾದ ತಪಾಸಣೆ

ಕೇಂದ್ರ ಸರ್ಕಾರ 2008-09ರಲ್ಲಿ ರಾಷ್ಟ್ರೀಯ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಮೂಳೆಯ ತೊಂದರೆಯನ್ನು ಗುರುತಿಸಲು ಬಳಸುವ ಮೂರು ಪರೀಕ್ಷೆಗಳು ಅತ್ಯಂತ ಸರಳ. ಮಂಡಿ ಮಡಿಸದೆ ಬಾಗಿ ಕಾಲ್ಬೆರಳು ಮುಟ್ಟಬೇಕು. ಗಲ್ಲವನ್ನು ಎದೆಗೆ ತಾಗಿಸಬೇಕು. ಎರಡೂ ಕೈಗಳನ್ನು ತಲೆಯ ಹಿಂಬದಿಗೆ ಒಯ್ಯಬೇಕು. ನೋವಿಲ್ಲದೆ ಇವನ್ನು ಮಾಡಲಾಗದವರನ್ನು ಮುಂದಿನ ತಪಾಸಣೆಗೆ ಕಳುಹಿಸಬೇಕು. ಯಂತ್ರ ಬೇಡ, ಖರ್ಚಿಲ್ಲ. ಶಾಲೆಯಲ್ಲಿ ಮಕ್ಕಳ ಹಲ್ಲು ನೋಡುವುದು ಇದಕ್ಕಿಂತಲೂ ಸುಲಭ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ತರಬೇತಿ ನೀಡಲು ಅವಕಾಶವಿದೆ. ಹಲ್ಲಿನ ಮಾಹಿತಿ ಆರೋಗ್ಯ ಇಲಾಖೆಯಲ್ಲಿಯೂ ನೀರಿನ ಮಾಹಿತಿ ಪಂಚಾಯಿತಿಯಲ್ಲಿಯೂ ಬೇರೆಬೇರೆಯಾಗಿ ಉಳಿದರೆ ಎರಡರಿಂದಲೂ ಪ್ರಯೋಜನವಿಲ್ಲ. ಎರಡೂ ಒಂದೇ ಮೇಜಿಗೆ ಬಂದಾಗ ಮಾತ್ರ ಯಾವ ಕೊಳವೆ ಬಾವಿಯನ್ನು ಮೊದಲು ಮುಚ್ಚಬೇಕು ಎಂಬುದು ತಿಳಿಯುತ್ತದೆ.

ತಂತ್ರಜ್ಞಾನ ಸೋಲುವುದೆಲ್ಲಿ?

ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ‘ನಲ್ಗೊಂಡ ವಿಧಾನ’ವನ್ನು ರೂಪಿಸಿತು. ಪಟಿಕ, ಸುಣ್ಣ ಬೆರೆಸಿ ನೀರನ್ನು ತಿಳಿಗೊಳಿಸುವ ಈ ಕ್ರಮ ಅಗ್ಗವಾದರೂ ದಿನವೂ ಸರಿಯಾದ ಅಳತೆಯಲ್ಲಿ ಬೆರೆಸಬೇಕು, ಕೆಳಗುಳಿದ ಕೆಸರನ್ನು ವಿಲೇವಾರಿ ಮಾಡಬೇಕು. ಈಗ ಹಳ್ಳಿಗಳಲ್ಲಿ ಕಾಣುವ ಶುದ್ಧ ಕುಡಿಯುವ ನೀರಿನ ಘಟಕಗಳಿಗೆ ವಿದ್ಯುತ್, ಕಾಲಕಾಲಕ್ಕೆ ಪೊರೆ ಬದಲಾವಣೆ ಮತ್ತು ನೋಡಿಕೊಳ್ಳುವ ಸಿಬ್ಬಂದಿ ಬೇಕು. ಘಟಕ ಕೆಟ್ಟು ನಿಂತ ದಿನ ಜನ ಮರಳುವುದು ಅದೇ ಹಳೆಯ ಕೊಳವೆ ಬಾವಿಗೆ. ಆದ್ದರಿಂದ ಉದ್ಘಾಟನೆಗಿಂತ ನಿರ್ವಹಣೆಗೆ ಮೀಸಲಿಟ್ಟ ಹಣವೇ ಮುಖ್ಯ.

ಆಹಾರದ ಪಾತ್ರವೂ ಇದೆ. ಸುಣ್ಣದ ಅಂಶ ಮತ್ತು ‘ಸಿ’ ಜೀವಸತ್ವವಿರುವ ಆಹಾರ ಹಾನಿಯನ್ನು ತಗ್ಗಿಸಲು ನೆರವಾಗುತ್ತದೆ. ಹುಣಸೆಹಣ್ಣು ಸೇವಿಸಿದ ಶಾಲಾ ಬಾಲಕರ ಮೂತ್ರದಲ್ಲಿ ಹೆಚ್ಚು ಫ್ಲೋರೈಡ್ ಹೊರಹೋಗುವುದನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 2002ರಲ್ಲಿ ವರದಿ ಮಾಡಿದ್ದಾರೆ. ದೆಹಲಿಯಲ್ಲಿ ಎ.ಕೆ. ಸುಶೀಲಾ ಅವರ ತಂಡವು ರಕ್ತಹೀನತೆಯಿದ್ದ ಗರ್ಭಿಣಿಯರಿಗೆ ಫ್ಲೋರೈಡ್ ತಪ್ಪಿಸಿ, ಪೌಷ್ಟಿಕ ಆಹಾರ ಸಲಹೆ ನೀಡಿದಾಗ ಹಲವರಲ್ಲಿ ಹಿಮೋಗ್ಲೋಬಿನ್ ಏರಿದ್ದನ್ನು 2010ರಲ್ಲಿ ಪ್ರಕಟಿಸಿತು. ಆದರೆ ಆಹಾರವು ಸುರಕ್ಷಿತ ನೀರಿಗೆ ಪರ್ಯಾಯವಲ್ಲ.

ಕೆರೆ ತುಂಬಿದ ಮೇಲೆಯೂ ಪರೀಕ್ಷೆ ಬೇಕು

ತುಂಗಭದ್ರೆಯಿಂದ ಜಗಳೂರು ತಾಲ್ಲೂಕಿನ 57 ಕೆರೆಗಳಿಗೆ ನೀರು ಹರಿಸುವ ಏತ ಯೋಜನೆ ಹಾಗೂ ಭದ್ರಾ ಮೇಲ್ದಂಡೆ ಯೋಜನೆಗಳ ಮೇಲೆ ಜನರ ನಿರೀಕ್ಷೆ ದೊಡ್ಡದು. ಕೆರೆಯ ನೀರು ಇಂಗಿದರೆ ಅಂತರ್ಜಲದ ಫ್ಲೋರೈಡ್ ತಿಳಿಯಾಗುವ ಸಾಧ್ಯತೆಯಿದೆ. ಆದರೆ ಅದು ಎಲ್ಲ ಬಾವಿಗಳಲ್ಲಿ ಒಂದೇ ಸಮನಾಗಿ, ಒಂದೇ ವರ್ಷದಲ್ಲಿ ಆಗುವಂಥದ್ದಲ್ಲ. ಕೆರೆ ತುಂಬಿತೆಂದು ಪರೀಕ್ಷೆ ನಿಲ್ಲಿಸಬಾರದು.

ಬಾಂಗ್ಲಾದೇಶದಲ್ಲಿ ಆರ್ಸೆನಿಕ್ ಇರುವ ಕೈಪಂಪುಗಳಿಗೆ ಕೆಂಪು, ಸುರಕ್ಷಿತವಾದವುಗಳಿಗೆ ಹಸಿರು ಬಣ್ಣ ಬಳಿಯಲಾಯಿತು. ಅಕ್ಷರ ಬಾರದವರಿಗೂ ಅದು ಅರ್ಥವಾಯಿತು. ಪರೀಕ್ಷೆಯ ಫಲಿತಾಂಶ ಕಡತದಲ್ಲಿ ಉಳಿಯದೆ ನಲ್ಲಿಯ ಪಕ್ಕದಲ್ಲಿಯೇ ಕಾಣಬೇಕು. ತಮ್ಮೂರಿನ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ, ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ ಎಂಬ ಎರಡು ಪ್ರಶ್ನೆಗಳನ್ನು ಗ್ರಾಮಸಭೆಯಲ್ಲಿ ಕೇಳುವ ಹಕ್ಕು ಪ್ರತಿಯೊಬ್ಬ ತಾಯಿಗೂ ಇದೆ. ಅದಕ್ಕೆ ಉತ್ತರ ದೊರೆತ ದಿನ ಸಂಶೋಧನೆ ಊರನ್ನು ತಲುಪಿತೆಂದು ಹೇಳಬಹುದು.